ಎರಡು ಸಲ ನಡೆದ ಒಂಬತ್ತು ನಿಮಿಷ

"ಟೈಮ್ ಎಷ್ಟಾಯ್ತಣ್ಣ?" ಎಂದು ಅವಳು ಕೇಳಿದಳು. ಬಸ್ ನಿಲ್ದಾಣದ ತಗಡಿನ ಮಾಡಿನ ಕೆಳಗೆ ಇವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವನು ಅಂಗಿಯ ತೋಳು ಸರಿಸಿ ಮುಳ್ಳು ನೋಡಿ "ಎಂಟೂ ಹತ್ತು" ಎಂದ. ನೋಡುವ ಅಗತ್ಯವೇನೂ ಇರಲಿಲ್ಲ. ಮನೆ ಬಿಡುವಾಗ ರೇಡಿಯೋದ ಗಂಟೆಗೆ ಕೈಗಡಿಯಾರ ಹೊಂದಿಸಿಕೊಂಡಿದ್ದ, ಅಲ್ಲಿಂದ ಎಷ್ಟು ಹೆಜ್ಜೆಗೆ ಎಷ್ಟು ನಿಮಿಷ ಎನ್ನುವುದು ಅವನ ಕಾಲುಗಳಿಗೇ ಗೊತ್ತಿತ್ತು. ಆದರೂ ನೋಡಿದ. ಅವಳಿಗೆ ಟೈಮ್ ಹೇಳುವಾಗ ಬಾಯಿಗೆ ಬಂದದ್ದನ್ನು ಹೇಳಬಾರದು ಎಂದು ನಾಲ್ಕು ವರ್ಷದಿಂದ ಅವನು ತನಗೆ ತಾನೇ ಹಾಕಿಕೊಂಡ ಕಟ್ಟು ಅದು. ಅವಳ ಎಡಗೈಯಲ್ಲಿ ಗಡಿಯಾರ ಕಟ್ಟುತ್ತಿದ್ದ ಜಾಗ ಮೊದಲು ಬೆಳ್ಳಗೆ ಎದ್ದು ಕಾಣುತ್ತಿತ್ತು. ಈಗ ಉಳಿದ ಕೈಯ ಬಣ್ಣಕ್ಕೇ ಬಂದುಬಿಟ್ಟಿದೆ. "ನಿಮ್ಮನ್ನ ಕೇಳಿದ್ರೆ ಸಮಾಧಾನ, ಅಣ್ಣ. ನಿಮ್ಮದು ತಪ್ಪಲ್ಲ" ಎಂದಳು. ಅವನು ಹ್ಞೂಂ ಎಂದ. ಅವಳ ಬಸ್ಸು ಬಂತು. ಈಗ ಅವಳು ಉಡುಪಿನ ಕಾರ್ಖಾನೆಯೊಂದರಲ್ಲಿ ಗುಂಡಿ ಹಾಕುತ್ತಾಳೆ. ಬಸ್ಸಿಗೆ ಹತ್ತುವಾಗ ಮಾತ್ರ ಇನ್ನೂ ಹಳೆಯ ಚುರುಕು, ಎಲ್ಲೋ ಗಂಟೆ ಬಾರಿಸಿದೆ ಎನ್ನುವ ಹಾಗೆ.

ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ಅವಳಿಗೆ ಓಡುವ ಸಿಸ್ಟರ್ ಎಂದೇ ಹೆಸರು. ಅವನಿಗೆ ಗಡಿಯಾರದಣ್ಣ ಎಂದು. ಅವನು ಆಸ್ಪತ್ರೆಗೆ ಸೇರಿದಾಗ ಅಲ್ಲಿ ಕೀಲಿ ಕೊಡುವ ಗೋಡೆ ಗಡಿಯಾರಗಳು ಮೂವತ್ತೊಂದಿದ್ದವು. ಅಡುಗೆ ಮನೆಯದು ಸೋಮಾರಿ, ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುವುದು. ಹೆರಿಗೆ ವಾರ್ಡಿನದು ಅವಸರದ ಜಾತಿ. ಪ್ರತಿಯೊಂದರ ಗುಣ ಅವನಿಗೆ ಮನೆಯ ಮಕ್ಕಳ ಗುಣದಷ್ಟೇ ಗೊತ್ತಿತ್ತು. ಆಮೇಲೆ ಬ್ಯಾಟರಿಯವು ಬಂದವು, ಕೀಲಿಗಳಿದ್ದ ಕೋಣೆಯಲ್ಲಿ ಕಂಪ್ಯೂಟರಿನ ದೊಡ್ಡ ಪೆಟ್ಟಿಗೆ ಬಂತು. ವಾರ್ಡುಗಳಲ್ಲಿ ಯಾರು ಏನು ಬರೆದರೂ ಅದು ತಂತಿಯಲ್ಲಿ ಹರಿದು ಇದರೊಳಗೆ ಸೇರಬೇಕು. ಸೇರಿದ ಗಳಿಗೆಯನ್ನು ಇದೇ ತನ್ನ ಗಡಿಯಾರ ನೋಡಿ ಗುರುತು ಹಾಕಿಕೊಳ್ಳಬೇಕು. ಸರ್ವರ್ ಎನ್ನುತ್ತಾರೆ. ಕೋಣೆಯ ಜೊತೆಗೆ ಅವನೂ ಇದ್ದ, ಹಾಗಾಗಿ ಅವನನ್ನೇ ಅದಕ್ಕೆ ಕಾವಲಿಟ್ಟರು. ಮೂರನೇ ತರಗತಿ ದಾಟದವನಿಗೆ ಪೆಟ್ಟಿಗೆ ಕೂರಿಸಲು ಬಂದಿದ್ದ ಎಂಜಿನಿಯರು ಅದನ್ನು ನಡೆಸಲು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟ. ಅಕ್ಷರದ ಆಕಾರ ನೋಡಿ ನೋಡಿ ಅವನು ಒತ್ತುತ್ತಿದ್ದ. ಈ ಪೆಟ್ಟಿಗೆ ಹೊರಗಿನ ಯಾವುದೋ ದೊಡ್ಡ ಗಡಿಯಾರವನ್ನು ತಂತಿಯ ಮೂಲಕ ಕೇಳಿ ಕೇಳಿ ತನ್ನದನ್ನು ತಿದ್ದಿಕೊಳ್ಳುತ್ತದೆ ಎಂದು ಗೊತ್ತಾದ ದಿನ ಅವನಿಗೆ ಒಂದು ಥರ ಆಯಿತು. ತಂತಿ ಕೆಟ್ಟಾಗಲೆಲ್ಲ ಪೆಟ್ಟಿಗೆ ಕುಂಯ್ ಎಂದು ಅಳುತ್ತಿತ್ತು. ಒಂದು ದಿನ ಅಳು ತಾಳಲಾರದೆ, ಅದು ಹೊರಗಿನ ಗಡಿಯಾರವನ್ನು ಕೇಳುವುದನ್ನೇ ನಿಲ್ಲಿಸಿಬಿಟ್ಟ. ತನ್ನ ನೋಟ್‌ಬುಕ್ಕಿನಲ್ಲಿ "ಹೊರಗಿನ ಟೈಮ್ ನಿಲ್ಲಿಸಿದೆ. ನಾನೇ ನೋಡಿಕೊಳ್ಳುತ್ತೇನೆ" ಎಂದು ಬರೆದು ಕೆಳಗೆ ಗೆರೆ ಎಳೆದ. ಪೆಟ್ಟಿಗೆಯ ಗುಣ ಒಂದು ತಿಂಗಳಲ್ಲಿ ತಿಳಿಯಿತು: ದಿನಕ್ಕೆ ಇಪ್ಪತ್ತಾರು ಸೆಕೆಂಡು ಮುಂದೆ ಓಡುತ್ತದೆ. ವಾರಕ್ಕೆ ಮೂರು ನಿಮಿಷ, ಎರಡು ಸೆಕೆಂಡು. ಪ್ರತಿ ಸೋಮವಾರ ಬೆಳಿಗ್ಗೆ ಅಷ್ಟನ್ನು ಹಿಂದಕ್ಕೆ ಎಳೆದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಮೊದಲ ಏಳು ವರ್ಷ ಒಂದು ಸೋಮವಾರವೂ ತಪ್ಪಲಿಲ್ಲ.

ಇವತ್ತು ಕೋಣೆಯ ಬಾಗಿಲು ತೆರೆದಾಗ ಒಳಗೆ ಎಂಜಿನಿಯರಮ್ಮ ಆಗಲೇ ಕೂತಿದ್ದಳು. ಪೆಟ್ಟಿಗೆಯ ಹೊಟ್ಟೆ ತುಂಬಿಹೋಗಿ ವಾರ್ಡಿನವರು ಬರೆದದ್ದು ಒಳಗೆ ಹೋಗುತ್ತಿಲ್ಲ ಎಂದು ಕರೆಸಿದ್ದರು. ಸಣ್ಣ ವಯಸ್ಸು, ಮೂಗಿನ ಮೇಲೆ ಕನ್ನಡಕ, ಕುರ್ಚಿಯ ಮೇಲೆ ಕಾಲು ಮಡಚಿ ಕೂತ ಭಂಗಿ. "ಬನ್ನಿ ಯಜಮಾನ್ರೇ. ಇದರ ಟೈಮ್ ಸಿಂಕ್ ಆಫ್ ಮಾಡಿದ ಪುಣ್ಯಾತ್ಮ ಯಾರು?" ಎಂದಳು. ಅವನು ಫ್ಯಾನಿನ ಸ್ವಿಚ್ಚು ಹುಡುಕುವವನ ಹಾಗೆ ಗೋಡೆಯ ಕಡೆ ತಿರುಗಿದ. "ಲೈನ್ ಸರಿ ಇರ್ಲಿಲ್ಲ ಆಗ" ಎಂದ. "ಈಗ ಸರಿ ಇದೆ. ಹಾಕ್ತಿದ್ದೀನಿ. ನಾಲ್ಕು ಕಡೆ ಕೇಳುತ್ತೆ ಇದು, ಒಬ್ಬನ್ನೇ ನಂಬಲ್ಲ. ಕೇಳಿ ಉತ್ತರ ಬರೋಕೆ ಎಷ್ಟು ಹೊತ್ತು ಹಿಡೀತು ಅನ್ನೋದನ್ನೂ ಕಳೀತದೆ. ಸಣ್ಣಪುಟ್ಟ ವ್ಯತ್ಯಾಸ ಇದ್ರೆ ದಡಕ್ಕಂತ ಎಳೆಯಲ್ಲ. ಒಂದೊಂದು ಸೆಕೆಂಡನ್ನ ಕೂದಲೆಳೆಯಷ್ಟು ಉದ್ದ ಮಾಡ್ತಾ, ಗಿಡ್ಡ ಮಾಡ್ತಾ ದಾರಿಗೆ ತರುತ್ತೆ. ಯಾರಿಗೂ ನೋವಾಗಲ್ಲ." ಕೊನೆಯ ಮಾತನ್ನು ಅವಳು ನಗುತ್ತ ಹೇಳಿದ್ದು. ಅವನಿಗೆ ಯಾಕೋ ಬೆನ್ನಿನ ಮೇಲೆ ಯಾರೋ ಒದ್ದೆ ಕೈ ಇಟ್ಟಂತಾಯಿತು.

ದಡಕ್ಕಂತ ಎಳೆದದ್ದು ಅವನು. ಅದಕ್ಕೆ ಮುಂಚೆ ಎಳೆಯದೆ ಬಿಟ್ಟದ್ದೂ ಅವನೇ. ನಾಲ್ಕು ವರ್ಷದ ಹಿಂದೆ, ಆಗ ಹೊಸದಾಗಿ ಬಂದಿದ್ದ ದೊಡ್ಡ ಡಾಕ್ಟರು ವಾರ್ಡಿನ ನಡುವೆ ನಿಂತು, ಅವನ ಸೊಂಟದಲ್ಲಿ ಇನ್ನೂ ನೇತಾಡುತ್ತಿದ್ದ ಹಳೆಯ ಕೀಲಿಗೊಂಚಲನ್ನು ಪೆನ್ನಿನ ತುದಿಯಿಂದ ಎತ್ತಿ ತೋರಿಸಿ, "ಗಡಿಯಾರ ನೋಡ್ಕೊಳ್ಳೋಕೆ ಇವರು ಬೇಕಾ? ಗಡಿಯಾರಕ್ಕೇ ಇವರನ್ನ ನೋಡ್ಕೊಳ್ಳೋಕೆ ಹೇಳಿ" ಎಂದಿದ್ದರು. ಎಲ್ಲರೂ ನಕ್ಕರು. ಓಡುವ ಸಿಸ್ಟರೂ ನಕ್ಕಳು. ಅವಳ ಕೈಯಲ್ಲಿ ಟ್ರೇ ಇತ್ತು, ನಗುವಿಗೆ ಟ್ರೇಯೊಳಗಿನ ಗಾಜಿನ ಸೀಸೆಗಳು ಕಿಣಿಕಿಣಿ ಎಂದವು. ಉಳಿದವರ ನಗು ಮರೆತುಹೋಗಿದೆ. ಆ ಕಿಣಿಕಿಣಿ ಮಾತ್ರ ಚಮಚ ಲೋಟಕ್ಕೆ ತಾಗಿದರೂ ಈಗಲೂ ಕೇಳುತ್ತದೆ. ಅದರ ಮುಂದಿನ ಸೋಮವಾರ ಅವನು ಪೆಟ್ಟಿಗೆಯ ಮುಂದೆ ಕೂತು, ಕೈಕಟ್ಟಿ, ಸುಮ್ಮನೆ ಎದ್ದು ಬಂದ. ನೋಡೋಣ, ಯಾರಿಗೆ ಗೊತ್ತಾಗುತ್ತೆ. ಎರಡನೇ ಸೋಮವಾರವೂ. ಯಾರಿಗೂ ಗೊತ್ತಾಗಲಿಲ್ಲ, ಅದೇ ಅವನನ್ನು ಇನ್ನಷ್ಟು ಉರಿಸಿತು. ಆಸ್ಪತ್ರೆಯ ಎದೆಬಡಿತವನ್ನೇ ತಪ್ಪಿಸುತ್ತಿದ್ದೇನೆ, ಒಬ್ಬರಾದರೂ ಎದೆ ಮುಟ್ಟಿ ನೋಡಿಕೊಳ್ಳುವುದಿಲ್ಲವಲ್ಲ ಎಂದು. ಮೂರನೇ ಸೋಮವಾರವೂ ಎಳೆಯಲಿಲ್ಲ. ಅವತ್ತು ಬೆಳಗಿನ ಹನ್ನೊಂದೂ ನಲವತ್ತಕ್ಕೆ ಏಳನೇ ಹಾಸಿಗೆಯ ಮುದುಕ ಕರೆಗಂಟೆ ಒತ್ತಿದ. ಕರೆಗಂಟೆಗೆ ಅದರದೇ ಬೇರೆ ಗಡಿಯಾರ, ಅದು ಸರಿಯಾಗಿತ್ತು. ಸಿಸ್ಟರ್ ಓಡಿದಳು, ಆಕ್ಸಿಜನ್ ಹಾಕಿದಳು, ಹಾಕಿದೆ ಎಂದು ಪಕ್ಕದ ಕಂಪ್ಯೂಟರಿನಲ್ಲಿ ಒತ್ತಿದಳು. ಹನ್ನೊಂದೂ ನಲವತ್ತೆರಡು. ಪೆಟ್ಟಿಗೆ ಅದನ್ನು ಹನ್ನೊಂದೂ ಐವತ್ತೊಂದು ಎಂದು ಬರೆದುಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಮುದುಕ ಹೋಗಿಬಿಟ್ಟ. ಬಹುಶಃ ಹೇಗಿದ್ದರೂ ಹೋಗುತ್ತಿದ್ದ. ಆದರೆ ಕಾಗದದಲ್ಲಿ ಅವನು ಹನ್ನೊಂದು ನಿಮಿಷ ಕರೆಗಂಟೆ ಒತ್ತಿ ಕಾಯುತ್ತ ಸತ್ತ.

ಆ ಸಂಜೆ ಸುದ್ದಿ ಕಿವಿಗೆ ಬಿದ್ದಾಗ, ಸಿಸ್ಟರ್ ತಡಮಾಡಿದಳಂತೆ ಎಂದು ಯಾರೋ ಹೇಳಿದಾಗ, ಒಂದು ಕ್ಷಣ, ಒಂದೇ ಒಂದು ಕ್ಷಣ, ಅವನಿಗೆ ಹಿತವಾಗಿತ್ತು. ಇದನ್ನು ಅವನು ಹೆಂಡತಿಗೂ ಹೇಳಿಲ್ಲ. ಸೀಸೆಗಳು ಕಿಣಿಕಿಣಿ ಎಂದಿದ್ದಕ್ಕೆ ಸರಿಯಾಯಿತು ಎಂದು ಒಳಗೆ ಯಾವುದೋ ಹುಳ ಮಗ್ಗುಲು ಬದಲಿಸಿತ್ತು. ಲೆಕ್ಕ ತಲೆಗೆ ಬಂದದ್ದು ಆಮೇಲೆ, ಊಟದ ತಟ್ಟೆಯ ಮುಂದೆ. ಇಪ್ಪತ್ತೊಂದು ದಿನ, ದಿನಕ್ಕೆ ಇಪ್ಪತ್ತಾರು. ಒಂಬತ್ತು ನಿಮಿಷ. ತುತ್ತು ಕೈಯಲ್ಲೇ ಉಳಿಯಿತು. "ಉಪ್ಪು ಜಾಸ್ತಿ ಆಯ್ತಾ?" ಎಂದು ಹೆಂಡತಿ ಕೇಳಿದಳು. ಮರುದಿನ ಮಂಗಳವಾರ ಯಾರೂ ಬರುವ ಮೊದಲೇ ಬಂದು, ಏಳೂ ಐವತ್ತು ತೋರಿಸುತ್ತಿದ್ದ ಪೆಟ್ಟಿಗೆಯನ್ನು ಏಳೂ ನಲವತ್ತರ ಮೇಲೆ ಅರ್ಧ ನಿಮಿಷಕ್ಕೆ ಎಳೆದು ನಿಲ್ಲಿಸಿದ. ವಿಚಾರಣೆಯವರು ಹತ್ತು ಗಂಟೆಗೆ ಬಂದು ಪೆಟ್ಟಿಗೆಯ ಟೈಮನ್ನೂ ತಮ್ಮ ಕೈಗಡಿಯಾರವನ್ನೂ ಹೋಲಿಸಿ ನೋಡಿದರು. ಸೆಕೆಂಡೂ ತಪ್ಪಿರಲಿಲ್ಲ. "ಚೆನ್ನಾಗಿ ಇಟ್ಕೊಂಡಿದ್ದೀರಿ" ಎಂದು ಅವನ ಬೆನ್ನು ತಟ್ಟಿದರು. ಅವಳನ್ನು ಕೆಲಸದಿಂದ ತೆಗೆದರು. ವಾರ್ಡಿನ ಗೋಡೆ ಗಡಿಯಾರ ನೋಡಲಿಲ್ಲವೇನಮ್ಮ ಎಂದು ಅವರು ಕೇಳಿದ್ದಕ್ಕೆ, ಓಡುವಾಗ ಗೋಡೆ ನೋಡೋಕಾಗುತ್ತಾ ಸರ್ ಎಂದಿದ್ದಳಂತೆ.

"ಅಯ್ಯೋ, ಇಲ್ಲಿ ನೋಡಿ ಬನ್ನಿ ಯಜಮಾನ್ರೇ" ಎಂದಳು ಎಂಜಿನಿಯರಮ್ಮ. ಪರದೆಯ ತುಂಬ ಇರುವೆ ಸಾಲಿನಂತೆ ಬರಹ. "ಇದು ನಿಮ್ಮ ಪೆಟ್ಟಿಗೆಯ ದಿನಚರಿ. ನಿಮಿಷಕ್ಕೊಂದು ಸಾಲು ಬರ್ಕೊಂಡಿದೆ. ಹಳೇದನ್ನ ಅಳಿಸೋದನ್ನ ಯಾರೂ ಹೇಳ್ಕೊಟ್ಟಿಲ್ಲ, ಅದಕ್ಕೇ ಹೊಟ್ಟೆ ತುಂಬಿರೋದು. ಪ್ರತಿ ಸೋಮವಾರ ಮೂರು ನಿಮಿಷ ಹಿಂದಕ್ಕೆ ಹೋಗಿದೆ, ನೋಡಿ. ಯಾರೋ ಕೈಯಲ್ಲಿ ತಿದ್ದಿದ್ದಾರೆ. ಇಲ್ಲಿ ಮೂರು ವಾರ ಏನೂ ಇಲ್ಲ. ಆಮೇಲೆ ಈ ಮಂಗಳವಾರ ಏಳೂ ಐವತ್ತಾದ ಮೇಲೆ ಮತ್ತೆ ಏಳೂ ನಲವತ್ತು. ಒಂಬತ್ತೂವರೆ ನಿಮಿಷ. ಆ ಒಂಬತ್ತೂವರೆ ನಿಮಿಷ ಇದಕ್ಕೆ ಎರಡು ಸಲ ನಡೆದಿದೆ." ಅವಳು ನಕ್ಕಳು. ಅವನಿಗೆ ನಗು ಕೇಳಿಸಲಿಲ್ಲ. ನಾಲ್ಕು ವರ್ಷ ಇದೇ ಕೋಣೆಯಲ್ಲಿ, ಇದೇ ಪೆಟ್ಟಿಗೆಯ ಪಕ್ಕದಲ್ಲಿ ಬುತ್ತಿ ಬಿಚ್ಚಿ ಉಂಡಿದ್ದ. ಮಧ್ಯಾಹ್ನ ಅದರ ಬಿಸಿ ಬೆನ್ನಿಗೆ ಒರಗಿ ತೂಕಡಿಸಿದ್ದ. ಅದು ಎಲ್ಲವನ್ನೂ ಬರೆದಿಟ್ಟುಕೊಂಡು ಸುಮ್ಮನೆ ಗುಂಯ್‌ಗುಡುತ್ತಿತ್ತು. ಒಂದು ದಿನಕ್ಕೂ ಬಾಯಿ ಬಿಡಲಿಲ್ಲ, ಕೇಳಿದವರಿಲ್ಲ, ಅಷ್ಟೇ. "ಏನ್ ಯಜಮಾನ್ರೇ, ಬೆವರ್ತಿದ್ದೀರಲ್ಲ?" "ಇಲ್ಲಿ ಯಾವಾಗ್ಲೂ ಸೆಕೆ, ತಾಯಿ." ಕೋಣೆಯಲ್ಲಿ ಏಸಿ ಓಡುತ್ತಿತ್ತು.

ಅವಳು ಚೀಲದಿಂದ ಒಂದು ಹಾಳೆ ತೆಗೆದು ಅವನ ಮುಂದಿಟ್ಟಳು. ಹಳೆಯ ದಿನಚರಿಯೆಲ್ಲ ಅಳಿಸಲು ಕೋಣೆಯ ಜವಾಬ್ದಾರಿಯವರ ಒಪ್ಪಿಗೆ ಇದೆ ಎಂದು ಬರೆದಿತ್ತು. "ಇಲ್ಲೊಂದು ಸೈನು. ನಾಲ್ಕು ಗಂಟೆಗೆ ಅಳಿಸಿಬಿಟ್ರೆ ನನ್ನ ಕೆಲಸ ಮುಗೀತು. ಸಲೀಸಾಗಿ ಉಸಿರಾಡುತ್ತೆ ಪಾಪ." ಅವನು ಪೆನ್ನು ತೆಗೆದುಕೊಂಡ. ಸೈನು ಮಾಡುವುದು ಅವನಿಗೆ ಎಂದೂ ನಿಧಾನದ ಕೆಲಸ, ಒಂದೊಂದು ಅಕ್ಷರವನ್ನೂ ಕೂರಿಸಬೇಕು. ಮೊದಲ ಅಕ್ಷರದ ತಲೆಕಟ್ಟು ಎಳೆದ. ಇಷ್ಟು ಸುಲಭವೇ ಎನಿಸಿತು. ಇನ್ನೆರಡು ಅಕ್ಷರ ಬರೆದರೆ ಒಂಬತ್ತು ನಿಮಿಷ ಲೋಕದಿಂದ ಹೋಗುತ್ತದೆ. ಹೋಗುತ್ತದೆಯೇ? ಹೋದ ವರ್ಷ ಒಂದು ಬೆಳಿಗ್ಗೆ, ಬಸ್ಸು ತಡವಾಗಿದ್ದ ದಿನ, ಓಡುವ ಸಿಸ್ಟರ್ ತಾನಾಗಿಯೇ ಹೇಳಿದ್ದಳು. "ಅಣ್ಣ, ನನಗೆ ನೆನಪಾಯ್ತು. ಆವತ್ತು ನಾನು ಎಲ್ಲಿ ನಿಂತಿದ್ದೆ ಅಂತ. ಮೂರು ವರ್ಷ ತಲೆ ಕೆಡಿಸ್ಕೊಂಡೆ. ಓಡಿದ್ದೀನಿ, ಓಡಿದ್ದೀನಿ ಅಂತ್ಲೇ ಅನ್ಕೊಂಡಿದ್ದೆ. ಇಲ್ಲ. ಕಾರಿಡಾರಿನ ಕಿಟಕಿ ಹತ್ರ ನಿಂತೆ. ಹೊರಗೆ ಯಾರೋ ಹೆಂಗಸು ಹಗ್ಗದ ಮೇಲೆ ಬಟ್ಟೆ ಹರವ್ತಾ ಇದ್ಲು, ಬಿಳಿ ಬಟ್ಟೆ. ನೋಡ್ತಾ ನಿಂತುಬಿಟ್ಟೆ. ವಿಚಾರಣೆಯವರು ಹೇಳಿದ್ದು ನಿಜಾನೇ." ಹೇಳಿ ಹಗುರಾದವಳಂತೆ ಅವನ ಕಡೆ ನೋಡಿ ನಕ್ಕಿದ್ದಳು. ಆ ಕಾರಿಡಾರಿಗೆ ಒಂದೇ ಕಿಟಕಿ. ಅದರ ಗಾಜಿಗೆ ಅವನು ಸೇರಿದ ಕಾಲದಿಂದಲೂ ಬಿಳಿ ಬಣ್ಣ ಬಳಿದಿದೆ, ಹೊರಗಿನದು ಏನೂ ಕಾಣುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಪೆಟ್ಟಿಗೆಯಲ್ಲಿ ತಾನು ಹೆಚ್ಚಿಗೆ ಸೇರಲು ಬಿಟ್ಟ ನಿಮಿಷಗಳು ಹೋಗಿ ಸಿಸ್ಟರಿನ ತಲೆಯೊಳಗೆ ಕೂತು, ತಮಗೆ ಬೇಕಾದ ಕಿಟಕಿ, ಹಗ್ಗ, ಬಟ್ಟೆ ಎಲ್ಲ ತಾವೇ ಮಾಡಿಕೊಂಡಿದ್ದವು. ಆಗಲೂ ಅವನು ಹ್ಞೂಂ ಎಂದಿದ್ದ.

"ಅಳಿಸಬೇಡಿ" ಎಂದ.

"ಏನು?"

"ಆ ಮಂಗಳವಾರದ್ದು. ಅದಕ್ಕೆ ಮುಂಚಿನ ಮೂರು ವಾರದ್ದೂ. ಬೇಕಾಗಿತ್ತು."

"ಯಾರಿಗೆ?"

ಅವನು ಹಾಳೆಯ ಮೇಲಿನ ಒಂಟಿ ತಲೆಕಟ್ಟು ನೋಡುತ್ತ ನಿಂತ. ಎಂಜಿನಿಯರಮ್ಮ ಕನ್ನಡಕ ಮೇಲೆ ಸರಿಸಿ ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು. ಆಮೇಲೆ ಪರದೆ ನೋಡಿದಳು. ಏನು ಅರ್ಥವಾಯಿತೋ, ದನಿ ತಗ್ಗಿತು. "ನೀವೇ ತಿದ್ತಿದ್ರಾ?" "ಹ್ಞೂಂ." "ಅಷ್ಟೂ ವರ್ಷ? ಸೆಕೆಂಡು ತಪ್ಪದ ಹಾಗೆ?" "ಮೂರು ವಾರ ಬಿಟ್ಟು." ಅವಳು ಪರದೆಗೆ ತಿರುಗಿದಳು. ಐದು ಹಾಳೆ ಮುದ್ರಿಸಿ ಕೈಗಿತ್ತಳು. ಆ ಭಾಗವನ್ನಷ್ಟೇ ಬೇರೆ ಕಡೆ ಎತ್ತಿಟ್ಟಳು. "ನಿಮ್ಮ ದೊಡ್ಡ ಡಾಕ್ಟರು ಕೇಳಿದ್ರೆ ತೋರಿಸ್ತೀನಿ. ಕೇಳೋ ಹಾಗೆ ಮಾಡೋದು ನಿಮಗೆ ಬಿಟ್ಟಿದ್ದು." ಅವನು ಸೈನು ಪೂರ್ತಿ ಮಾಡಿದ. ಬ್ಯಾಟರಿ ಡಬ್ಬಿಯ ಹಿಂದಿನಿಂದ ನೋಟ್‌ಬುಕ್ ಎಳೆದ. ಮೂರು ಸೋಮವಾರಗಳ ಸಾಲು ಖಾಲಿ. ಅದರ ಕೆಳಗೆ ಮಂಗಳವಾರ, ಒಂಬತ್ತು ನಿಮಿಷ ಮೂವತ್ತೆರಡು ಸೆಕೆಂಡು. ಎಲ್ಲವನ್ನೂ ಮುಚ್ಚಿಡಬೇಕೆಂದುಕೊಂಡ ದಿನವೂ ಕೈ ಅಭ್ಯಾಸ ಬಿಟ್ಟಿರಲಿಲ್ಲ, ಬರೆದುಬಿಟ್ಟಿತ್ತು. ಹರಿದುಹಾಕಲು ಎಷ್ಟೋ ಸಲ ಬೆರಳು ಹಚ್ಚಿ ಬಿಟ್ಟಿದ್ದರಿಂದ ಆ ಹಾಳೆಯ ಅಂಚು ಮೆತ್ತಗಾಗಿತ್ತು.

ಐದು ಗಂಟೆಗೆ ಅವಳು ಕಾರ್ಖಾನೆಯ ಬಸ್ಸಿನಿಂದ ಇಳಿಯುವಾಗ ಅವನು ತಗಡಿನ ಮಾಡಿನ ಕೆಳಗೆ ನಿಂತಿದ್ದ. ಸಾಮಾನ್ಯವಾಗಿ ಆ ಹೊತ್ತಿಗೆ ಅವನು ಮನೆ ಸೇರಿರುತ್ತಾನೆ. ಅಲ್ಲಿ ಗೋಡೆಯ ಗಡಿಯಾರ ನಿಂತು ನಾಲ್ಕು ವರ್ಷವಾಗಿದೆ. ಊರಿಗೆಲ್ಲ ಟೈಮ್ ಹಂಚ್ತೀರಿ, ಮನೇದಕ್ಕೊಂದು ಸೆಲ್ ಹಾಕೋಕೆ ಬರಗಾಲ ಎಂದು ಹೆಂಡತಿ ದಿನಾ ಅನ್ನುತ್ತಾಳೆ. ಅವನು ನಾಳೆ ಎನ್ನುತ್ತಾನೆ. "ಏನಣ್ಣ, ಇನ್ನೂ ಇಲ್ಲೇ? ಟೈಮ್ ಎಷ್ಟು?" ಎಂದಳು ಅವಳು. ಅವನು ಗಡಿಯಾರ ನೋಡಲಿಲ್ಲ. "ಸಿಸ್ಟರ್" ಎಂದ. ಆ ಹೆಸರಿನಿಂದ ಅವಳನ್ನು ಯಾರೂ ಕರೆಯದೆ ಎಷ್ಟು ದಿನವಾಗಿತ್ತೋ, ಅವಳು ಹಿಂದೆ ತಿರುಗಿ ನೋಡಿದಳು. ಅವನು ಹೇಳಿದ. ಬರಬೇಕಾದ ಕ್ರಮದಲ್ಲಿ ಬರಲಿಲ್ಲ. ಕೀಲಿಗೊಂಚಲು ಮೊದಲು ಬಂತು, ಸೀಸೆಯ ಕಿಣಿಕಿಣಿ ಆಮೇಲೆ, ಇಪ್ಪತ್ತಾರು ಸೆಕೆಂಡು, ಮೂರು ಸೋಮವಾರ, ಊಟದ ತಟ್ಟೆ, ಮಂಗಳವಾರದ ಬೆಳಿಗ್ಗೆ. ಹಿತವಾಗಿತ್ತು ಎನ್ನುವುದನ್ನೂ ಹೇಳಿದ, ಅದನ್ನು ಹೇಳುವಾಗ ಮಾತ್ರ ಹಾಳೆಗಳನ್ನು ನೋಡಿದ. ಅವಳು ಹಾಳೆ ತೆಗೆದುಕೊಂಡು ಎರಡು ಸಲ ಓದಿದಳು. ನೋಟ್‌ಬುಕ್ಕಿನ ಖಾಲಿ ಸಾಲುಗಳ ಮೇಲೆ ಬೆರಳಾಡಿಸಿದಳು. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ಅವನು ಕಾದ.

"ಹಾಗಾದ್ರೆ ಕಿಟಕಿ?" ಎಂದಳು.

ಹಾಳೆಗಳನ್ನು ಅವನ ಕೈಗೆ ವಾಪಸು ಕೊಟ್ಟಳು. "ನಡೀರಿ" ಎಂದಳು ಅವಳು.

ರೋಗಿಗಳನ್ನು ನೋಡಲು ಬಿಡುವ ಹೊತ್ತು, ಗೇಟಿನಲ್ಲಿ ಯಾರೂ ತಡೆಯಲಿಲ್ಲ. ನಾಲ್ಕು ವರ್ಷದ ಮೇಲೆ ಒಳಗೆ ಬಂದವಳು ಮೆಟ್ಟಿಲು, ತಿರುವು, ಔಷಧಿಯ ವಾಸನೆ ಯಾವುದನ್ನೂ ನೋಡದೆ ಸೀದಾ ಸಿಸ್ಟರುಗಳ ಮೇಜಿನ ಪಕ್ಕಕ್ಕೆ ಹೋಗಿ ನಿಂತಳು. ಅಲ್ಲಿದ್ದ ಹೊಸ ಸಿಸ್ಟರ್ ತಲೆ ಎತ್ತಿ, ಯಾರ ಕಡೆಯವರು ಎಂದು ಕೇಳಿದಳು. "ಏಳನೇ ಹಾಸಿಗೆ" ಎಂದಳು ಇವಳು. ಮತ್ತೆ ಅವನ ಕಡೆ ತಿರುಗಿ, "ನೀವು ಟೈಮ್ ನೋಡಿ" ಎಂದು ಹೊರಟಳು. ಓಡಲಿಲ್ಲ, ಆದರೆ ಆ ನಡಿಗೆಗೆ ಅವನು ಅರ್ಧ ಓಡಬೇಕಾಯಿತು, ಒಂದು ಕಣ್ಣು ಮುಳ್ಳಿನ ಮೇಲೆ, ಇನ್ನೊಂದು ಅವಳ ಹಿಮ್ಮಡಿಯ ಮೇಲೆ. ಹದಿನೆಂಟು ಸೆಕೆಂಡಿಗೆ ಕಿಟಕಿ ಬಂತು. ಅವಳು ನಿಂತಳು. ಬಿಳಿ ಗಾಜು ಸಂಜೆಯ ಬೆಳಕಿಗೆ ಹಾಲಿನ ಕೆನೆಯ ಹಾಗೆ ಹೊಳೆಯುತ್ತಿತ್ತು. ಅವಳು ಅಂಗೈ ಅದರ ಮೇಲಿಟ್ಟಳು, ಉಗುರಿನಿಂದ ಬಣ್ಣ ಕೆರೆದು ನೋಡಿದಳು. "ಇದು ಯಾವಾಗ ಬಳಿದಿದ್ದು?" "ಮೊದಲಿಂದ್ಲೂ ಹೀಗೇ." "ನೀವು ನನಗೆ ಹೇಳ್ಲಿಲ್ಲ." "ಹೇಳ್ಲಿಲ್ಲ." ಅವಳು ಅಲ್ಲೇ ನಿಂತಳು. ಅವಳ ನೆನಪಿನಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಬಟ್ಟೆಯ ಬುಟ್ಟಿ ಎತ್ತಿಕೊಂಡು, ಹಗ್ಗ ಬಿಚ್ಚಿಕೊಂಡು, ಎಲ್ಲಿಗೋ ಹೋಗುವಷ್ಟು ಹೊತ್ತು ನಿಂತಳು. ಇದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಮುಳ್ಳು ತಿರುಗುತ್ತಿತ್ತು. ಜನ ಬುಟ್ಟಿ, ಫ್ಲಾಸ್ಕು ಹಿಡಿದು ಪಕ್ಕದಲ್ಲಿ ಸರಿದು ಹೋಗುತ್ತಿದ್ದರು. ಮತ್ತೆ ಅವಳು ಕೈ ತೆಗೆದು ನಡೆದಳು. ಏಳನೇ ಹಾಸಿಗೆಯಲ್ಲಿ ಯಾರೋ ಹುಡುಗಿ, ಕಾಲಿಗೆ ಪಟ್ಟಿ, ಇವರಿಬ್ಬರನ್ನು ನೋಡಿ ಕಣ್ಣರಳಿಸಿತು. ಅವಳು ಹಾಸಿಗೆಯ ಕಬ್ಬಿಣದ ಕಂಬಿ ಹಿಡಿದು ಕೇಳಿದಳು, "ಎಷ್ಟಾಯ್ತು?"

"ನಿಂತದ್ದು ಬಿಟ್ಟರೆ ನಲವತ್ತೊಂದು ಸೆಕೆಂಡು."

"ನಿಲ್ಲಲಿಲ್ಲ ನಾನು" ಎಂದಳು. ಅವನಿಗಲ್ಲ, ಕಂಬಿಗೆ ಹೇಳಿದಂತಿತ್ತು. "ಆವತ್ತು ನಿಲ್ಲಲಿಲ್ಲ."

ಕಾರಿಡಾರಿನ ಕೊನೆಯಲ್ಲಿ ದೊಡ್ಡ ಡಾಕ್ಟರ ಕೋಣೆ. ಬಾಗಿಲ ಮೇಲಿನ ಗಾಜಿನಲ್ಲಿ ದೀಪ ಕಾಣುತ್ತಿತ್ತು, ಆರು ಗಂಟೆವರೆಗೆ ಅವರು ಇರುತ್ತಾರೆ. ಅವಳು ಎದುರಿನ ಬೆಂಚಿನ ಮೇಲೆ ಕೂತು ಕೈ ಚಾಚಿದಳು. "ಗಡಿಯಾರ ಕೊಡಿ." ಅವನಿಗೆ ಅರ್ಥವಾಗಲಿಲ್ಲ. "ನಿಮ್ಮ ಕೈಯಿಂದು. ನೀವು ಒಳಗೆ ಹೋಗಿ ಹೇಳಿ. ನನಗೆ ಹೇಳಿದ ಹಾಗಲ್ಲ. ಸರಿಯಾಗಿ, ಮೊದಲಿಂದ. ನಾನು ಇಲ್ಲಿ ಟೈಮ್ ನೋಡ್ತಾ ಇರ್ತೀನಿ." ಬೆಲ್ಟು ಬಿಚ್ಚಲು ಅವನ ಬೆರಳು ಒದ್ದಾಡಿದವು, ಮಲಗುವಾಗಲೂ ತೆಗೆಯದ ಗಡಿಯಾರ. ಬೆಲ್ಟಿನ ಕೆಳಗೆ ಅವನ ಮಣಿಕಟ್ಟು ಬೆಳ್ಳಗೆ, ಬೇರೆ ಯಾರದೋ ಕೈಯ ಹಾಗಿತ್ತು. ಅವಳು ಗಡಿಯಾರವನ್ನು ಕಟ್ಟಿಕೊಳ್ಳಲಿಲ್ಲ. ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಹಳೆಯ ಅಭ್ಯಾಸದಿಂದ, ನಾಡಿ ಹಿಡಿದವಳಂತೆ ತಲೆ ತಗ್ಗಿಸಿ ಮುಳ್ಳು ನೋಡತೊಡಗಿದಳು. ಒಳಗಿನಿಂದ ಯಾರೋ ಕೆಮ್ಮಿದರು. ಹಾಳೆಗಳನ್ನೂ ನೋಟ್‌ಬುಕ್ಕನ್ನೂ ಎದೆಗೆ ಒತ್ತಿಕೊಂಡು, ಈಗ ಗಂಟೆ ಎಷ್ಟಾಗಿದೆ ಎನ್ನುವುದು ಗೊತ್ತೇ ಇಲ್ಲದವನಾಗಿ, ಅವನು ಬಾಗಿಲು ತಳ್ಳಿದ.